ನಾಗ್ಪುರದಲ್ಲಿ ಸೊಳ್ಳೆ, ಇಲಿ, ಜಿರಳೆ: ಪಾಲಿಕೆ ಕೆಲಸ ಎಷ್ಟು, ನಮ್ಮ ಕೆಲಸ ಎಷ್ಟು?

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಆಫೀಸ್ ಕ್ಯಾಬಲ್ಲಿ ಕೂತು ಓದಿಕೊಳ್ಳಬಹುದು. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ಮಿಹಾನ್‌ಗೋ ಪರ್ಸೋಡಿ ಐಟಿ ಪಾರ್ಕ್‌ಗೋ ಕೆಲಸಕ್ಕೆ ಅಂತ ಬರೋ ನಮ್ಮ ಹುಡುಗರು, ಸಂಸಾರದೋರು, ಮಳೆಗಾಲ ಶುರುವಾಯ್ತು ಅಂದ್ರೆ ಒಂದೇ ಪ್ರಶ್ನೆ ಕೇಳ್ತಾರೆ: "ಮನೇಲಿ ಸೊಳ್ಳೆ ಕಾಟ, ಇಲಿ ಕಾಟ. ಕಾರ್ಪೊರೇಷನ್‌ಗೆ ಫೋನ್ ಮಾಡಿದ್ರೆ ಬರ್ತಾರಾ?"

ಚಿಕ್ಕ ಉತ್ತರ ಮೊದಲೇ ಹೇಳಿಬಿಡ್ತೀನಿ. ಸೊಳ್ಳೆಗೆ ಬರಬೇಕು, ಅದು ಅವರ ಕೆಲಸ. ಜಿರಳೆ, ತಿಗಣೆ, ಗೆದ್ದಲಿಗೆ ಬರೋದಿಲ್ಲ, ಅದು ನಿಮ್ಮ ಖರ್ಚು. ಇಲಿ ವಿಷಯ ಮಾತ್ರ ಅದು ಎಲ್ಲಿಂದ ಬರ್ತಿದೆ ಅನ್ನೋದರ ಮೇಲೆ ನಿಂತಿದೆ. ಹೀಗೆ ಯಾಕೆ ಅಂತ ತಿಳಿದುಕೊಂಡರೆ ದೂರು ಯಾರಿಗೆ ಕೊಡಬೇಕು, ಹೇಗೆ ಬರೀಬೇಕು ಅನ್ನೋದು ತಾನಾಗಿ ಗೊತ್ತಾಗುತ್ತೆ. ಡೆಂಗಿ ಹರಡೋ ಸಮಯದಲ್ಲಿ ದೂರು ತಪ್ಪು ಆಫೀಸಿಗೆ ಹೋಗಿ ಒಂದು ವಾರ ಕಳೆದರೆ, ಅಷ್ಟರಲ್ಲಿ ಸೊಳ್ಳೆಯ ಇನ್ನೊಂದು ತಲೆಮಾರು ರೆಕ್ಕೆ ಬಿಚ್ಚಿರುತ್ತೆ.

ಪಾಲಿಕೆಗೂ ಸೊಳ್ಳೆಗೂ ಏನು ಸಂಬಂಧ?

ನಮ್ಮ ದೇಶದ ನಗರಾಡಳಿತ ನೋಡೋದು ಹುಳವನ್ನಲ್ಲ, ಹುಳ ತರೋ ರೋಗವನ್ನ. ಇದಕ್ಕೆ ಹಳೇ ಕಾರಣ ಇದೆ. 1896ರಲ್ಲಿ ಬಾಂಬೆಗೆ ಪ್ಲೇಗ್ ಬಂತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. 1898ರಲ್ಲಿ ಪ್ಲೇಗ್ ಬೆಂಗಳೂರಿಗೂ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿ ಕಡೆ ಹೋಗಿ ನೆಲೆಸಿದ್ದರ ಹಿಂದೆ ಈ ಇಲಿ ಜ್ವರದ ಭಯ ಇತ್ತು. ಅಗಲ ರಸ್ತೆ, ಮನೆ ಹಿಂದೆ ಕಸ ಎತ್ತೋ ಕನ್ಸರ್ವೆನ್ಸಿ ಗಲ್ಲಿ, ಇವೆಲ್ಲ ಚೆಂದಕ್ಕೆ ಮಾಡಿದ್ದಲ್ಲ. ಸುಮಾರು ನೂರು ವರ್ಷ ಆದ ಮೇಲೆ, 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಸುದ್ದಿಗೆ ಜನ ಊರು ಬಿಟ್ಟು ಓಡಿದ್ರು. ಅದಾದ ಮೇಲೆ ಆ ಊರಿನ ಪಾಲಿಕೆ ಕಸ ಮತ್ತು ಚರಂಡಿ ವ್ಯವಸ್ಥೆಯನ್ನ ಬುಡದಿಂದ ಸರಿಮಾಡಿತು.

ಈಗಿನ ಕಾನೂನಿಗೆ ಬರೋಣ. ಸಂವಿಧಾನದ 74ನೇ ತಿದ್ದುಪಡಿ ಆದದ್ದು 1992ರಲ್ಲಿ. ಆಗ ಸೇರಿದ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ಕೊಡಬಹುದಾದ ಕೆಲಸಗಳ ಪಟ್ಟಿ ಇದೆ. ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಘನತ್ಯಾಜ್ಯ ಅದರಲ್ಲಿ ಬರುತ್ತೆ. ನಾಗ್ಪುರ ಪಾಲಿಕೆಗೆ ಮೊದಲು 1948ರ ತನ್ನದೇ ಪ್ರತ್ಯೇಕ ಕಾಯ್ದೆ ಇತ್ತು. ಆಮೇಲೆ ಅದು ಮಹಾರಾಷ್ಟ್ರ ಮಹಾನಗರಪಾಲಿಕೆಗಳ ಕಾಯ್ದೆ, 1949ರ ಕೆಳಗೆ ಬಂತು. ಆ ಕಾಯ್ದೆಯ 63ನೇ ಕಲಂನಲ್ಲಿರೋದು ಕಡ್ಡಾಯ ಕರ್ತವ್ಯಗಳು: ಕಸ ಎತ್ತೋದು, ಚರಂಡಿ ಕಟ್ಟಿ ಕ್ಲೀನ್ ಇಡೋದು, ಜನರಿಗೆ ಉಪದ್ರವ ಆಗೋದನ್ನ ತೆಗೆಯೋದು, ಅಪಾಯಕಾರಿ ರೋಗ ಹರಡದಂತೆ ತಡೆಯೋದು. 66ನೇ ಕಲಂನಲ್ಲಿರೋದು ಇಷ್ಟ ಇದ್ದರೆ ಮಾಡಬಹುದಾದ ಕೆಲಸಗಳು.

ಈ ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ. "ನಿಮ್ಮ ಅಡುಗೆಮನೆ ಜಿರಳೆ ಹೊಡೀತೀವಿ" ಅಂತ ಕಾನೂನು ಎಲ್ಲೂ ಹೇಳಲ್ಲ. "ರೋಗ ಹರಡೋದನ್ನ ತಡೀತೀವಿ" ಅಂತ ಹೇಳುತ್ತೆ. ಹಾಗಾಗಿ ನಿಮ್ಮ ದೂರು ರೋಗ, ಚರಂಡಿ, ಕಸ, ಉಪದ್ರವ ಈ ನಾಲ್ಕರಲ್ಲಿ ಒಂದಕ್ಕೆ ಸೇರಬೇಕು. ಸೇರಿದ್ರೆ ಅದು ಪಾಲಿಕೆಯ ಕಡ್ಡಾಯ ಕೆಲಸ. ಇಲ್ಲದಿದ್ರೆ ನೀವು ಕೇಳ್ತಿರೋದು ಉಪಕಾರ.

ಮೊದಲು ನಿಮ್ಮ ಮನೆ ಯಾರ ಹದ್ದಿನಲ್ಲಿದೆ ನೋಡಿ

ನಮ್ಮವರಲ್ಲಿ ಬಹಳ ಜನ ಮನೆ ಮಾಡೋದು ವರ್ಧಾ ರೋಡ್ ಆಚೀಚೆ: ಮನೀಶ್ ನಗರ, ಬೇಲ್ತರೋಡಿ, ಬೇಸಾ, ಜಾಮ್ಠಾ. ಎಲ್ಲದಕ್ಕೂ ನಾವು "ನಾಗ್ಪುರ" ಅಂತೀವಿ, ಆದರೆ ಆಡಳಿತ ಒಂದೇ ಅಲ್ಲ.

ಪಾಲಿಕೆಯ ಒಳಗೆ 10 ಝೋನ್ ಇವೆ: ಲಕ್ಷ್ಮೀನಗರ, ಧರಂಪೇಠ್, ಹನುಮಾನ್ ನಗರ, ಧಂತೋಲಿ, ನೆಹರು ನಗರ, ಗಾಂಧೀಬಾಗ್, ಸತರಂಜಿಪುರಾ, ಲಕಡಗಂಜ್, ಆಶೀನಗರ, ಮಂಗಳವಾರಿ. ದೂರು ಹೋಗಬೇಕಾದದ್ದು ಝೋನ್ ಆಫೀಸಿಗೆ. ಸಿವಿಲ್ ಲೈನ್ಸ್‌ನ ಮುಖ್ಯ ಕಚೇರಿಗೆ ಕೊಟ್ಟರೂ ಅದು ಸುತ್ತಿಕೊಂಡು ಝೋನ್‌ಗೇ ಬರಬೇಕು.

ಪಾಲಿಕೆಯ ಗಡಿ ದಾಟಿದ್ರೆ ಲೆಕ್ಕ ಬೇರೆ. ಬೇಸಾ-ಪಿಪಳಾದಲ್ಲಿ ನಗರ ಪಂಚಾಯತ್ ಇದೆ. ಹಿಂಗಣಾ ಕಡೆ ವಾನಾಡೋಂಗ್ರಿಗೆ, ದಕ್ಷಿಣಕ್ಕೆ ಬುಟಿಬೋರಿಗೆ ನಗರ ಪರಿಷತ್ ಇದೆ. ಇನ್ನೂ ಹೊರಗೆ ಗ್ರಾಮ ಪಂಚಾಯತ್. ಅಲ್ಲಿ ಜ್ವರದ ಸಮೀಕ್ಷೆ ಜಿಲ್ಲಾ ಪರಿಷತ್ತಿನ ಆರೋಗ್ಯ ಇಲಾಖೆ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದ ಕೈಲಿ. ಮಿಹಾನ್ ಯೋಜನೆಯನ್ನ ನೋಡಿಕೊಳ್ಳೋದು ಮಹಾರಾಷ್ಟ್ರ ಏರ್‌ಪೋರ್ಟ್ ಡೆವಲಪ್‌ಮೆಂಟ್ ಕಂಪನಿ. ಇದರ ಮೇಲೆ ನಾಗ್ಪುರ ಸುಧಾರ್ ಪ್ರನ್ಯಾಸ್ ಅನ್ನೋ 1936ರ ಸಂಸ್ಥೆ, ಹೊರವಲಯಕ್ಕೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ. ಇವೆರಡೂ ಲೇಔಟ್, ಪ್ಲಾಟ್, ಕಟ್ಟಡದ ಪರವಾನಗಿ ನೋಡೋ ಸಂಸ್ಥೆಗಳು. ಖಾಲಿ ಪ್ಲಾಟ್ ಯಾರದ್ದು ಅಂತ ಹುಡುಕುವಾಗ ಇವರ ಹೆಸರು ಬರಬಹುದು. ಸೊಳ್ಳೆ ದೂರನ್ನ ಮಾತ್ರ ಇವರಿಗೆ ಕೊಡಬೇಡಿ.

ಸುಲಭದ ದಾರಿ ಏನಪ್ಪಾ ಅಂದ್ರೆ, ಮನೆ ಮಾಲೀಕರ ಹತ್ತಿರ ಆಸ್ತಿ ತೆರಿಗೆ ರಸೀದಿ ಕೇಳಿ. ತೆರಿಗೆ ಯಾರಿಗೆ ಕಟ್ತಿದ್ದಾರೋ ದೂರು ಅವರಿಗೇ. ಪಾಲಿಕೆ ರಸೀದಿಯಾದ್ರೆ ಝೋನ್, ವಾರ್ಡ್, ಮನೆ ನಂಬರ್ ಅದರಲ್ಲೇ ಸಿಗುತ್ತೆ. ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಯಾವ ಕಾಟಕ್ಕೆ ಯಾರು?

ಸೊಳ್ಳೆ: ಪಾಲಿಕೆಯ ಮಲೇರಿಯಾ-ಫೈಲೇರಿಯಾ ವಿಭಾಗ. ಇಲ್ಲಿ ಆನೆಕಾಲು ರೋಗದ ಇತಿಹಾಸ ಇರೋದ್ರಿಂದ ಹೆಸರಲ್ಲೇ ಫೈಲೇರಿಯಾ ಸೇರಿಕೊಂಡಿದೆ. ಮರಿ ಹುಳ ಇರೋ ನೀರಿಗೆ ಔಷಧಿ ಹಾಕೋದು, ಮನೆಮನೆ ನೋಡೋದು, ಹೊಗೆ ಬಿಡೋದು, ಬಾವಿಗೆ ಗಪ್ಪಿ ಮೀನು ಬಿಡೋದು ಇಂಥ ಕೆಲಸ ಇವರದ್ದು.

ಇಲಿ, ಹೆಗ್ಗಣ: ಬೀದಿ ಕಸದಿಂದ, ಒಡೆದ ಚರಂಡಿಯಿಂದ, ಮುಚ್ಚಳ ಇಲ್ಲದ ಚೇಂಬರ್‌ನಿಂದ ಬರ್ತಿದ್ರೆ ಮೂಲ ಸರಿಮಾಡಬೇಕಾದದ್ದು ಪಾಲಿಕೆಯ ಸ್ವಚ್ಛತಾ ವಿಭಾಗ. ಬಿಲ್ಡಿಂಗಿನ ಡಕ್ಟ್, ಬೇಸ್‌ಮೆಂಟ್, ಲಿಫ್ಟ್ ಗುಂಡಿಯಿಂದ ಬರ್ತಿದ್ರೆ ಸೊಸೈಟಿ. ನಿಮ್ಮ ಫ್ಲಾಟಿನ ಒಳಗೇ ಗೂಡು ಮಾಡಿದ್ರೆ ನೀವು. ಇಲಿ ಅಂದ್ರೆ ಬರೀ ವೈರ್ ಕಡಿಯೋ ಪ್ರಾಣಿ ಅಂದುಕೊಳ್ಳಬೇಡಿ. 2018ರಲ್ಲಿ ನಾಗ್ಪುರ ಮತ್ತು ಸುತ್ತಲಿನ ವಿದರ್ಭದಲ್ಲಿ ಸ್ಕ್ರಬ್ ಟೈಫಸ್ ಜ್ವರ ಕಾಣಿಸಿಕೊಂಡು ಜನ ಸತ್ತಿದ್ದರು. ಇಲಿಗಳ ಮೈಮೇಲೆ, ಎತ್ತರಕ್ಕೆ ಬೆಳೆದ ಹುಲ್ಲಲ್ಲಿ ಇರೋ ಸಣ್ಣ ನುಸಿ ಕಚ್ಚಿದ್ರೆ ಬರೋ ಜ್ವರ ಅದು. ಕಚ್ಚಿದ ಜಾಗದಲ್ಲಿ ಕೆಲವರಿಗೆ ಕಪ್ಪು ಹಕ್ಕಳೆ ಕಟ್ಟುತ್ತೆ. ಹಾಗಾಗಿ ಪಕ್ಕದ ಖಾಲಿ ಪ್ಲಾಟಿನ ಹುಲ್ಲು, ಅಲ್ಲಿ ಬಿದ್ದ ಕಸ, ಇಲಿ ಮೂರೂ ಸೇರಿ ಒಂದೇ ದೂರು, ಅದು ರೋಗದ ದೂರು.

ಜಿರಳೆ, ತಿಗಣೆ, ಗೆದ್ದಲು, ಇರುವೆ: ಖಾಸಗಿ. ಬಾಡಿಗೆ ಮನೆಯಾದ್ರೆ ಕರಾರಿನಲ್ಲಿ ಏನು ಬರೆದಿದೆ ನೋಡಿ. ಇಲ್ಲಿ ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು ಮಾಡ್ತಾರೆ. ಸಹಿ ಹಾಕೋಕೆ ಮುಂಚೆಯೇ ಮರದ ಕಪಾಟಿನ ಗೆದ್ದಲು ಯಾರ ಖರ್ಚು ಅಂತ ಒಂದು ಸಾಲು ಬರೆಸಿಕೊಂಡರೆ ಮುಂದೆ ಮಾತು ಬೆಳೆಯಲ್ಲ.

ಹಾವು: ಪಾಲಿಕೆಯೂ ಅಲ್ಲ, ನೀವೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಾವು ಹೊಡೆಯೋದು ಅಪರಾಧ ಆಗಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926. ಸೆಮಿನರಿ ಹಿಲ್ಸ್‌ನಲ್ಲಿ ಗಾಯಗೊಂಡ ಕಾಡುಪ್ರಾಣಿಗಳಿಗೆ ಟ್ರಾನ್ಸಿಟ್ ಟ್ರೀಟ್‌ಮೆಂಟ್ ಸೆಂಟರ್ ಕೂಡ ಇದೆ.

ನಾಗ್ಪುರದ್ದೇ ಒಂದು ತಾಪತ್ರಯ: ಕೂಲರ್

ಬೆಂಗಳೂರು, ಮೈಸೂರಿಂದ ಬಂದವರಿಗೆ ಇದು ಹೊಸದು. ಬೇಸಿಗೆಯಲ್ಲಿ 45 ಡಿಗ್ರಿ ದಾಟೋ ಊರಿದು. ಕಿಟಕಿ ಹೊರಗೆ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ದೊಡ್ಡ ತಗಡಿನ ಕೂಲರ್. ಜೂನ್ ನಡುವಲ್ಲಿ ಮಳೆ ಬಂದು ತಂಪಾಗುತ್ತೆ, ಜನ ಸ್ವಿಚ್ ಆಫ್ ಮಾಡ್ತಾರೆ. ಕೂಲರ್ ಮಾತ್ರ ದೀಪಾವಳಿವರೆಗೂ ಅಲ್ಲೇ ಇರುತ್ತೆ. ಟಬ್ಬಲ್ಲಿ ನಿಂತ ನೀರು, ಮೇಲಿಂದ ಮಳೆ ನೀರು, ಸುತ್ತ ನೆರಳು. ಡೆಂಗಿ, ಚಿಕುನ್‌ಗುನ್ಯಾ ಹರಡೋ ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆ ಮನೆ ಸಿಗಲ್ಲ. 2021ರ ಮಳೆಗಾಲದಲ್ಲಿ ಡೆಂಗಿ ಊರೆಲ್ಲ ಹರಡಿದಾಗ ಪಾಲಿಕೆಯವರು ಮನೆಮನೆಗೆ ಬಂದು ಮೊದಲು ನೋಡಿದ್ದೇ ಕೂಲರ್.

ಈಡಿಸ್ ಬಗ್ಗೆ ಮೂರು ವಿಷಯ ಗೊತ್ತಿರಲಿ.

ಒಂದು, ಮೊಟ್ಟೆಯಿಂದ ಹಾರೋ ಸೊಳ್ಳೆ ಆಗೋಕೆ ಬೆಚ್ಚಗಿನ ಹವೆಯಲ್ಲಿ ಸುಮಾರು 7ರಿಂದ 10 ದಿನ ಸಾಕು. ವಾರಕ್ಕೊಂದು ದಿನ ನೀರೆಲ್ಲ ಖಾಲಿ ಮಾಡಿ ಅನ್ನೋದು ಇದೇ ಲೆಕ್ಕದ ಮೇಲೆ.

ಎರಡು, ಮೊಟ್ಟೆ ನೀರಿನ ಅಂಚಿನಲ್ಲಿ ಪಾತ್ರೆಯ ಗೋಡೆಗೆ ಅಂಟಿಕೊಂಡಿರುತ್ತೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತೆ. ಬರೀ ನೀರು ಚೆಲ್ಲಿದ್ರೆ ಆಗಲ್ಲ, ಟಬ್ಬಿನ ಗೋಡೆಯನ್ನ ಬ್ರಷ್ ಹಾಕಿ ಉಜ್ಜಬೇಕು. ಇಲ್ಲಾಂದ್ರೆ ಮುಂದಿನ ಬೇಸಿಗೆಯಲ್ಲಿ ನೀವೇ ನೀರು ತುಂಬಿಸಿ ಆ ಮೊಟ್ಟೆ ಎಬ್ಬಿಸ್ತೀರಿ.

ಮೂರು, ಈ ಸೊಳ್ಳೆ ದೂರ ಹಾರಲ್ಲ, ಕೆಲವು ನೂರು ಮೀಟರ್ ಅಷ್ಟೇ. ಕಚ್ಚೋದು ಹಗಲು ಹೊತ್ತಲ್ಲಿ. ಅಂದ್ರೆ ನಿಮ್ಮ ಮಗೂಗೆ ಕಚ್ಚಿದ ಸೊಳ್ಳೆ ಹುಟ್ಟಿದ್ದು ಬಹುಪಾಲು ನಿಮ್ಮ ಬಿಲ್ಡಿಂಗಲ್ಲೋ ಪಕ್ಕದ ಬಿಲ್ಡಿಂಗಲ್ಲೋ. ನಾಗ್ ನದಿ ವಾಸನೆ ಬರುತ್ತೆ, ಅಲ್ಲಿ ಕ್ಯೂಲೆಕ್ಸ್ ಸೊಳ್ಳೆ ಇದೆ ನಿಜ. ಆದರೆ ಡೆಂಗಿ ಹುಡುಕೋಕೆ ಅಷ್ಟು ದೂರ ಹೋಗಬೇಕಾಗಿಲ್ಲ.

ಇಲ್ಲೇ ಪಾಲಿಕೆಯ ಅಗತ್ಯ ಬರೋದು. ನಿಮ್ಮ ಕೂಲರ್ ನೀವು ಉಜ್ಜಬಹುದು. ಮೂರನೇ ಮಹಡಿಯವರು ಪುಣೆಗೆ ಹೋಗಿದ್ದಾರೆ, ಬೀಗ ಹಾಕಿದೆ, ಕೂಲರ್ ತುಂಬಾ ನೀರಿದೆ. ಪಕ್ಕದಲ್ಲಿ ಅರ್ಧಕ್ಕೆ ನಿಂತ ಕಟ್ಟಡ, ಲಿಫ್ಟ್ ಗುಂಡಿಯಲ್ಲಿ ಮೊಣಕಾಲುದ್ದ ನೀರಿದೆ. ಅಲ್ಲಿಗೆ ಹೋಗೋ ಅಧಿಕಾರ ನಮಗಿಲ್ಲ, ಸೊಸೈಟಿ ಸೆಕ್ರೆಟರಿಗೂ ಇಲ್ಲ. ಮಾಲೀಕರಿಗೆ ನೋಟಿಸ್ ಕೊಟ್ಟು ಉಪದ್ರವ ತೆಗೆಸೋ ಅಧಿಕಾರ ಕಾನೂನು ಕೊಟ್ಟಿರೋದು ಪಾಲಿಕೆಗೆ. ದೂರಿನ ನಿಜವಾದ ಉಪಯೋಗ ಇದು. ಒಂದು ಹೊಗೆ ಗಾಡಿ ಕರೆಸೋದಕ್ಕಿಂತ ಈ ಬೀಗದ ಮನೆಗೆ ಒಂದು ನೋಟಿಸ್ ಹೋಗೋದು ಮುಖ್ಯ.

ಹೊಗೆ ಹೊಡೆದ್ರೆ ಆಯ್ತಾ?

ನಮಗೆ ಪಾಲಿಕೆ ಕೆಲಸ ಮಾಡ್ತಿದೆ ಅಂತ ಅನ್ನಿಸೋದೇ ಹೊಗೆ ಕಂಡಾಗ. ಹೊಗೆ ಸಾಯಿಸೋದು ಆ ಹೊತ್ತಿಗೆ ಹಾರ್ತಿರೋ ದೊಡ್ಡ ಸೊಳ್ಳೆಗಳನ್ನ ಮಾತ್ರ. ನೀರಲ್ಲಿರೋ ಮರಿಗೆ, ಗೋಡೆಗಂಟಿದ ಮೊಟ್ಟೆಗೆ ಏನೂ ಆಗಲ್ಲ. ಈಡಿಸ್ ಮನೆಯೊಳಗೆ ಪರದೆ ಹಿಂದೆ, ಮಂಚದ ಕೆಳಗೆ ಕೂತಿರುತ್ತೆ. ನಾವು ಹೊಗೆ ಬಂತು ಅಂತ ಕಿಟಕಿ ಮುಚ್ಚಿಕೊಂಡ್ರೆ ಅದಕ್ಕೂ ರಕ್ಷಣೆ ಕೊಟ್ಟಂಗಾಯ್ತು.

ಹಾಗಂತ ಹೊಗೆ ದಂಡ ಅಲ್ಲ. ಡೆಂಗಿ ಕೇಸ್ ಬಂದ ಮನೆಯ ಸುತ್ತ, ವೈರಸ್ ಹೊತ್ತ ಸೊಳ್ಳೆಗಳನ್ನ ಬೇಗ ಕಡಿಮೆ ಮಾಡೋಕೆ ಅದು ಬೇಕು. ಆದರೆ ದೂರಲ್ಲಿ "ಫಾಗಿಂಗ್ ಮಾಡಿ" ಅಂತಷ್ಟೇ ಬರೆದ್ರೆ ಗಾಡಿ ಬಂದು ಹೊಗೆ ಬಿಟ್ಟು ಹೋಗುತ್ತೆ, ದೂರು ಮುಗೀತು ಅಂತ ಕ್ಲೋಸ್ ಆಗುತ್ತೆ, ಮುಂದಿನ ವಾರ ಸೊಳ್ಳೆ ವಾಪಸ್. ಬಗ್ ಹುಡುಕದೆ ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ. "ಮರಿ ಇರೋ ಜಾಗ ನೋಡಿ ಔಷಧಿ ಹಾಕಿ, ಮಾಲೀಕರಿಗೆ ನೋಟಿಸ್ ಕೊಡಿ" ಅಂತ ಬರೀರಿ.

ದೂರು ಬರೆಯೋದು ಹೇಗೆ?

ನಾವು ದಿನಾ ಟಿಕೆಟ್ ಬರೆಯೋ ಜನ, ಇದೂ ಹಾಗೇ. ಒಂದು ದೂರಲ್ಲಿ ಒಂದೇ ಸಮಸ್ಯೆ ಇರಲಿ. ಸೊಳ್ಳೆ, ಬೀದಿ ದೀಪ, ನೀರಿನ ಒತ್ತಡ ಮೂರನ್ನೂ ಸೇರಿಸಿದ್ರೆ ಮೂರು ವಿಭಾಗದವರೂ "ನಮ್ಮದಲ್ಲ" ಅಂತಾರೆ.

ದೂರಿನಲ್ಲಿ ಇರಬೇಕಾದದ್ದು: ಝೋನ್ ಮತ್ತು ವಾರ್ಡ್, ಪೂರ್ತಿ ವಿಳಾಸ, ಮೂಲ ಇರೋ ಜಾಗದ ಗುರುತು, ದಿನಾಂಕ ಕಾಣೋ ಫೋಟೋ, ಎಷ್ಟು ದಿನದಿಂದ ಇದೆ, ಬಿಲ್ಡಿಂಗಲ್ಲಿ ಯಾರಿಗಾದ್ರೂ ಜ್ವರ ಇದ್ದರೆ ಎಷ್ಟು ಜನಕ್ಕೆ. ಡೆಂಗಿ ಅಂತ ಪರೀಕ್ಷೆಯಲ್ಲಿ ಖಚಿತ ಆಗಿದ್ರೆ ಅದನ್ನ ಮೊದಲ ಸಾಲಲ್ಲೇ ಬರೀರಿ. ಸುತ್ತಲಿನ ಮನೆಗಳ ಸಮೀಕ್ಷೆ ಶುರುವಾಗೋದೇ ಅದರಿಂದ. ರೋಗಿಯ ಹೆಸರು, ರಿಪೋರ್ಟನ್ನ ಸೊಸೈಟಿ ವಾಟ್ಸಾಪ್ ಗ್ರೂಪಲ್ಲಿ ಹಾಕಬೇಡಿ, ಆರೋಗ್ಯ ಸಿಬ್ಬಂದಿಗೆ ತೋರಿಸಿದ್ರೆ ಸಾಕು. ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ ನಂಬರ್ ಇಟ್ಟುಕೊಳ್ಳಿ. ಕಾಗದದಲ್ಲಿ ಕೊಟ್ಟರೆ ನಕಲಿನ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ.

ಭಾಷೆ ಬಗ್ಗೆ ಚಿಂತೆ ಬೇಡ. ನಾಗ್ಪುರದಲ್ಲಿ ಹಿಂದಿ ಎಲ್ಲ ಕಡೆ ನಡೆಯುತ್ತೆ. ಆದರೆ ಬರವಣಿಗೆಯಲ್ಲಿ ನಾಲ್ಕು ಮರಾಠಿ ಪದ ಇದ್ದರೆ ಕಾಗದ ಬೇಗ ಸರಿಯಾದ ಮೇಜಿಗೆ ಹೋಗುತ್ತೆ. ಸೊಳ್ಳೆಗೆ "ಡಾಸ್", ಇಲಿಗೆ "ಉಂದೀರ್", ತಿಗಣೆಗೆ "ಢೇಕೂಣ್", ಗೆದ್ದಲಿಗೆ "ವಾಳವೀ". ಜಿರಳೆಗೆ "ಝುರಳ್", ಕೇಳೋಕೆ ನಮ್ಮದೇ ಪದದ ಥರ. ಔಷಧಿ ಸಿಂಪಡಣೆ ಅಂದ್ರೆ "ಫವಾರಣೀ". ಚರಂಡಿಗೆ "ಗಟಾರ್", ಹುಬ್ಬಳ್ಳಿ, ಬೆಳಗಾವಿಯವರಿಗೆ ಹೇಳಿಕೊಡೋದೇ ಬೇಡ. ದೂರಿಗೆ "ತಕ್ರಾರ್" ಅಂತಾರೆ. ನಮ್ಮಲ್ಲಿ ತಕರಾರು ಅಂದ್ರೆ ಜಗಳ, ಆಕ್ಷೇಪ. ಇಲ್ಲಿ ಗುಮಾಸ್ತರು "ತಕ್ರಾರ್ ಆಹೇ ಕಾ?" ಅಂತ ಕೇಳಿದ್ರೆ ಜಗಳಕ್ಕೆ ಬಂದಿದ್ದೀರಾ ಅಂತ ಅಲ್ಲ, ದೂರು ಇದೆಯಾ ಅಂತ. ಕಾರ್ಪೊರೇಟರ್‌ಗೆ "ನಗರಸೇವಕ್" ಅಂತಾರೆ. ದೂರಿನ ನಕಲು ಅವರಿಗೂ ಒಂದು ಕೊಡಿ. ನಮ್ಮ ವೋಟು ಇನ್ನೂ ಊರಲ್ಲೇ ಇದ್ದರೂ ಮನೆ ಅವರ ವಾರ್ಡಲ್ಲೇ ಇದೆ.

ಯಾರೂ ಕೇಳದಿದ್ರೆ?

ಮೊದಲ ಹೆಜ್ಜೆ ಝೋನ್‌ನ ಸಹಾಯಕ ಆಯುಕ್ತರು. ಎರಡನೇದು ಮಾಹಿತಿ ಹಕ್ಕು. 2005ರ ಕಾಯ್ದೆ ಪ್ರಕಾರ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, "ನಮ್ಮ ವಾರ್ಡಲ್ಲಿ ಕಳೆದ 3 ತಿಂಗಳಲ್ಲಿ ಯಾವ ದಿನ ಎಲ್ಲಿ ಔಷಧಿ ಹಾಕಿದ್ದೀರಿ, ಎಷ್ಟು ನೋಟಿಸ್ ಕೊಟ್ಟಿದ್ದೀರಿ, ಅದರ ದಾಖಲೆ ಕೊಡಿ" ಅಂತ ಕೇಳಿ. ಉತ್ತರಕ್ಕೆ 30 ದಿನ ಗಡುವು. ಜ್ವರದ ಸೀಸನ್‌ಗೆ ಇದು ನಿಧಾನ ಆಯ್ತು, ಆದರೆ ಮುಂದಿನ ವರ್ಷಕ್ಕೆ ನಿಮ್ಮ ಕೈಲಿ ದಾಖಲೆ ಇರುತ್ತೆ.

ಮೂರನೇ ದಾರಿ ಬಗ್ಗೆ ಬಹಳ ಜನಕ್ಕೆ ಗೊತ್ತಿಲ್ಲ. ಮಧ್ಯಪ್ರದೇಶದ ರತ್ಲಾಮ್‌ನಲ್ಲಿ 1972ರಲ್ಲಿ ಒಂದು ರಸ್ತೆಯ ನಿವಾಸಿಗಳು ತೆರೆದ ಚರಂಡಿ, ಗಬ್ಬುನಾತ, ಸೊಳ್ಳೆ ತಡೆಯಲಾರದೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋದರು. ಮ್ಯಾಜಿಸ್ಟ್ರೇಟ್ ಪುರಸಭೆಗೆ ಆರು ತಿಂಗಳಲ್ಲಿ ಯೋಜನೆ ಮಾಡಿ ಅಂತ ಆದೇಶ ಕೊಟ್ಟರು. ಪುರಸಭೆ ದುಡ್ಡಿಲ್ಲ ಅಂತ ಸುಪ್ರೀಂ ಕೋರ್ಟ್‌ವರೆಗೆ ಹೋಯ್ತು. 1980ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಮತ್ತು ಒ. ಚಿನ್ನಪ್ಪ ರೆಡ್ಡಿ ಅವರ ಪೀಠ, ದುಡ್ಡಿಲ್ಲ ಅನ್ನೋದು ಈ ಕರ್ತವ್ಯದಿಂದ ತಪ್ಪಿಸಿಕೊಳ್ಳೋಕೆ ಕಾರಣ ಆಗಲ್ಲ ಅಂತ ತೀರ್ಪು ಕೊಟ್ಟಿತು. ಆಗ ಬಳಸಿದ್ದು ಹಳೇ ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ. 2024ರ ಜುಲೈ 1ರಿಂದ ಅದರ ಜಾಗದಲ್ಲಿರೋದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ. ಸೊಸೈಟಿಯವರೆಲ್ಲ ಸೇರಿ, ಮುದ್ರೆ ಹಾಕಿಸಿದ ಹಳೇ ದೂರುಗಳ ನಕಲಿಟ್ಟು ಹೋದ್ರೆ ಈ ದಾರಿಗೆ ತೂಕ ಬರುತ್ತೆ. ಮುದ್ರೆ ಹಾಕಿಸಿಕೊಳ್ಳಿ ಅಂದಿದ್ದು ಅದಕ್ಕೇ.

ಖಾಸಗಿಯವರನ್ನ ಕರೆಸುವಾಗ

ಪೆಸ್ಟ್ ಕಂಟ್ರೋಲ್ ವ್ಯಾಪಾರಕ್ಕೆ 1968ರ ಕೀಟನಾಶಕ ಕಾಯ್ದೆಯ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. ಬಂದವರ ಹತ್ತಿರ ಅದನ್ನೂ, ಔಷಧಿಯ ಹೆಸರನ್ನೂ ಕೇಳಿ. ಹೆಸರು ಹೇಳದಿದ್ರೆ ವಾಪಸ್ ಕಳಿಸಿ. ಇದು ಹಣದ ಮಾತಲ್ಲ. ಕಾಳಿಗೆ ಹಾಕೋ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನ ಇಲಿಗೆ, ತಿಗಣೆಗೆ ಅಂತ ಮನೆಯಲ್ಲಿ ಇಡೋರು ಇದ್ದಾರೆ. ಹವೆಯ ತೇವ ತಾಗಿದ್ರೆ ಅದರಿಂದ ಫಾಸ್ಫೀನ್ ವಿಷಗಾಳಿ ಬರುತ್ತೆ, ಬಾಗಿಲ ಸಂದಿಯಿಂದ, ಡಕ್ಟಿನಿಂದ ಪಕ್ಕದ ಮನೆಗೂ ಹೋಗುತ್ತೆ. ಮಲಗಿದವರು ಮಲಗಿದಲ್ಲೇ ಸತ್ತ ಘಟನೆಗಳು ನಮ್ಮ ದೇಶದಲ್ಲಿ ಆಗಿವೆ. ಸಾಮಾನ್ಯ ಜನಕ್ಕೆ ಅದನ್ನ ಮಾರೋದಕ್ಕೇ ನಿರ್ಬಂಧ ಇದೆ. ಕಿರಾಣಿ ಅಂಗಡಿಯಲ್ಲಿ ಬಿಡಿ ಮಾತ್ರೆ ಕೊಟ್ಟರೂ ತಗೋಬೇಡಿ.

ಬೇರೆ ಕಡೆ ಹೇಗೆ?

ಬ್ರಿಟನ್‌ನಲ್ಲಿ ಇದ್ದು ಬಂದವರು "ಅಲ್ಲಿ ಕೌನ್ಸಿಲ್‌ನವರೇ ಮನೆಗೆ ಬರ್ತಿದ್ರು" ಅಂತಾರೆ. ಅಲ್ಲಿ 1949ರ ಕಾಯ್ದೆ ಪ್ರಕಾರ ಇಲಿ, ಹೆಗ್ಗಣ ನಿಯಂತ್ರಣ ಸ್ಥಳೀಯ ಸಂಸ್ಥೆಯ ಹೊಣೆ, ಜಾಗದ ಮಾಲೀಕರಿಗೆ ನೋಟಿಸ್ ಕೊಡೋ ಅಧಿಕಾರವೂ ಇದೆ. ಆದರೆ ಮನೆಯೊಳಗಿನ ಕೆಲಸಕ್ಕೆ ಬಹಳ ಕೌನ್ಸಿಲ್‌ಗಳು ಶುಲ್ಕ ತಗೋತವೆ. ಸಿಂಗಾಪುರದಲ್ಲಿ ಅಧಿಕಾರಿಗಳು ಮನೆಯೊಳಗೆ ಬಂದು ನೋಡ್ತಾರೆ, ಮರಿ ಸಿಕ್ಕಿದ್ರೆ ದಂಡ. ನಮ್ಮ ಕರ್ನಾಟಕ ಕೂಡ 2024ರಲ್ಲಿ ಡೆಂಗಿಯನ್ನ ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟವರಿಗೆ ದಂಡ ಇಟ್ಟಿತು: ನಗರದ ಮನೆಗೆ 400 ರೂಪಾಯಿ, ಹಳ್ಳಿಯ ಮನೆಗೆ 200. ಕಟ್ಟಡ ಕಾಮಗಾರಿ ಜಾಗಕ್ಕೆ ಇನ್ನೂ ಜಾಸ್ತಿ. ಎಲ್ಲ ಕಡೆ ಗೆರೆ ಹೆಚ್ಚುಕಮ್ಮಿ ಅಲ್ಲೇ ಇದೆ: ಮನೆ ಒಳಗಿನದು ಮನೆಯವರ ಹೊಣೆ. ಮನೆಯಿಂದ ಮನೆಗೆ ಹರಡೋದು ಸರ್ಕಾರದ ಹೊಣೆ.

ಕೊನೆಗೆ ಈ ವಾರಾಂತ್ಯಕ್ಕೆ ಒಂದು ಕೆಲಸ. ತೆರಿಗೆ ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಕೂಲರ್ ಟಬ್ಬು ಉಜ್ಜಿ, ಒಣಗಿಸಿ, ಮಗುಚಿಡಿ. ಆಮೇಲೆ ಟೆರೇಸಿಗೆ ಹತ್ತಿ ಸುತ್ತ ಒಂದು ಸಲ ಕಣ್ಣಾಡಿಸಿ: ಬೀಗ ಹಾಕಿದ ಮನೆಯ ಕೂಲರ್, ಮುಚ್ಚಳ ಇಲ್ಲದ ಟಾಂಕಿ, ನಿಂತುಹೋದ ಕಾಮಗಾರಿ ಎಷ್ಟಿವೆ ಅಂತ. ಪ್ರತಿಯೊಂದಕ್ಕೂ ಒಂದೊಂದು ತಕ್ರಾರ್ ಬರೀರಿ.